ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ?

(ತುಮಕೂರಿನಲ್ಲಿ ರಂಗಾಸಕ್ತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ, ಹೆಂಗಸರ ಏಕವ್ಯಕ್ತಿ ನಾಟಕಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಬ್ಬಳೇ ಹೆಂಗಸು ಒಂದು ಗಂಟೆ ಹೊತ್ತು ರಂಗದ ಮೇಲೆ ನಿಂತು ಮಾತಾಡುವ ನಾಟಕ ನೋಡಿದವರು ಆಮೇಲೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ. ಅಷ್ಟೊಂದು ಮಾತು ಹೇಗೆ ನೆನಪಿಟ್ಟುಕೊಳ್ಳುತ್ತೀರಿ? ಅದರಲ್ಲಿ ಗುಟ್ಟೇನೂ ಇಲ್ಲ. ಬಾಯಿಪಾಠ ಅಷ್ಟೇ. ಪಾತ್ರೆ ತೊಳೆಯುತ್ತಾ ಒಂದು ಸಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಸಲ. ಪಕ್ಕದಲ್ಲಿ ಕೂತವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ.

ನನಗೆ ಮುಖ್ಯ ಅನಿಸುವುದು ಇನ್ನೊಂದು ಪ್ರಶ್ನೆ. ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ? ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ. ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಪ್ರೇಕ್ಷಕರ ಹತ್ತಿರ ಮಾತಾಡುತ್ತಾಳೆ, ಇನ್ನ್ಯಾರ ಹತ್ತಿರ, ಅಂತ ನೀವು ಅನ್ನಬಹುದು. ನಮ್ಮ ಬಹಳ ನಾಟಕಗಳು ಸೋಲುವುದು ಅಲ್ಲೇ. ನೀವೂ ನೋಡಿರುತ್ತೀರಿ. ಹಿಂದೆ ಕಪ್ಪು ಪರದೆ. ಬಿಚ್ಚಿದ ಕೂದಲು. ಮೇಲಿಂದ ಕೆಂಪು ಲೈಟು. ಎಲ್ಲಿಂದಲೋ ರೆಕಾರ್ಡ್ ಮಾಡಿದ ಆಲಾಪ. ನಟಿ ಮುಂದೆ ಬಂದು ನಮ್ಮನ್ನೇ ದಿಟ್ಟಿಸಿ, ನಾನು ಹೆಣ್ಣು, ನನಗೆ ಹೀಗೆಲ್ಲ ಆಯಿತು ಅಂತ ಶುರು ಮಾಡುತ್ತಾಳೆ. ನಾವು ನ್ಯಾಯಪಂಚಾಯ್ತಿಗೆ ಕೂತ ಯಜಮಾನರ ಹಾಗೆ ಕೇಳಿಸಿಕೊಳ್ಳುತ್ತೇವೆ. ಅಯ್ಯೋ ಪಾಪ ಅನ್ನುತ್ತೇವೆ. ಕೊನೆಗೆ ಅವಳು ಒಂದು ಘೋಷಣೆ ಕೂಗುತ್ತಾಳೆ. ಎದ್ದು ನಿಂತು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಕಷ್ಟಕ್ಕೆ ನಮಗೂ ಸಂಬಂಧ ಇದೆ ಅಂತ ಅನಿಸದ ಹಾಗೆ ನಮ್ಮನ್ನು ಎತ್ತರದಲ್ಲಿ ಕೂರಿಸಿಬಿಟ್ಟಿರುತ್ತಾರೆ ಅನ್ನುವುದು ನನ್ನ ತಕರಾರು.

ನಮ್ಮ ಹಳ್ಳಿಯ ಹೆಂಗಸರಿಗೆ ಈ ವಿಷಯ ಬಹಳ ಚೆನ್ನಾಗಿ ಗೊತ್ತು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಗುಬ್ಬಿ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳಿಂದ ಬಂದವರಂತೂ ಕೇಳಿಯೇ ಇರುತ್ತೀರಿ. ಅಕ್ಕ ತೀರಿಕೊಂಡಿದ್ದಾಳೆ ಅಂತ ಇಟ್ಟುಕೊಳ್ಳಿ. ತಂಗಿ ಬೇರೆ ಊರಿಂದ ಬರುತ್ತಾಳೆ. ಬೀದಿ ತಿರುವಿನಲ್ಲೇ ರಾಗ ಎದ್ದಿರುತ್ತದೆ. ಬಂದವಳು ಹೆಣದ ಪಕ್ಕ ಕುಸಿದು ಕೂತು ಶುರು ಮಾಡುತ್ತಾಳೆ. ಸಾಲುಗಳು ಸುಮಾರಾಗಿ ಹೀಗಿರುತ್ತವೆ:

"ಅಕ್ಕಯ್ಯಾ... ಹಬ್ಬಕ್ಕೆ ಬತ್ತೀನಿ ಅಂದಿದ್ದೆಲ್ಲೇ ನನ್ನಕ್ಕಯ್ಯಾ... ನಾಕು ದಿನದಿಂದ ಜ್ವರ ಕಾದಿತ್ತಂತಲ್ಲೇ ನನ್ನಕ್ಕಯ್ಯಾ... ಆಸ್ಪತ್ರೆಗೆ ಕರ್ಕೊಂಡೋಗೋರು ಯಾರೂ ಇರಲಿಲ್ಲವೇನೇ ನನ್ನಕ್ಕಯ್ಯಾ... ಮನೆ ಮುಂದೆ ಬೈಕು ನಿಂತಿತ್ತಲ್ಲೇ ನನ್ನಕ್ಕಯ್ಯಾ..."

ಆ ಬೈಕಿನ ಸಾಲು ಬರುವ ಹೊತ್ತಿಗೆ ಗೋಡೆಗೆ ಒರಗಿ ಕೂತ ಭಾವ ತಲೆ ತಗ್ಗಿಸಿರುತ್ತಾನೆ. ಸುತ್ತ ನಿಂತ ಊರವರಿಗೆಲ್ಲ ಅರ್ಥವಾಗಿರುತ್ತದೆ. ಯಾರೂ ಬಾಯಿ ಬಿಡುವಂತಿಲ್ಲ. ಅವಳು ಅಳುತ್ತಿದ್ದಾಳೆ ಅಲ್ವಾ, ಅಳುವವಳನ್ನು ತಡೆಯುವುದು ಹೇಗೆ? ಅದೇ ಮಾತನ್ನು ಭಾವನ ಮುಖಕ್ಕೇ ಹೇಳಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ತವರಿನ ಬಾಗಿಲು, ಅತ್ತೆಮನೆಯ ಬಾಗಿಲು ಎರಡೂ ಮುಚ್ಚಿಕೊಳ್ಳುತ್ತಿದ್ದವು. ಕಾರ್ಯದ ದಿನ ಅವಳೇ ಆ ಭಾವನಿಗೆ ಅನ್ನ ಬಡಿಸುತ್ತಾಳೆ, ಅದು ಬೇರೆ ಮಾತು.

ಇಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಅವಳು ಕರೆಯುತ್ತಿರುವುದು ಸತ್ತ ಅಕ್ಕನನ್ನು. ಮಾತು ಹೋಗಿ ತಾಗಬೇಕಾದ್ದು ಭಾವನಿಗೆ. ಸಾಕ್ಷಿಗೆ ಊರು ನಿಂತಿದೆ. ಒಬ್ಬಳೇ ಬಾಯಿ ಬಿಟ್ಟಿರುವುದು, ಆದರೆ ಅವಳು ಒಂಟಿಯಾಗಿ ಮಾತಾಡುತ್ತಿಲ್ಲ. ಏಕವ್ಯಕ್ತಿ ನಾಟಕ ಬರೆಯುವವರು ಯಾವ ವರ್ಕ್‌ಶಾಪಿಗೆ ಹೋಗದಿದ್ದರೂ ಪರವಾಗಿಲ್ಲ, ಇದನ್ನು ಒಂದು ಸಲ ಕಿವಿಗೊಟ್ಟು ಕೇಳಿದರೆ ಸಾಕು. ಯಾರನ್ನು ಕರೆಯುತ್ತಾಳೆ, ಯಾರಿಗೆ ತಾಗಬೇಕು, ಯಾರು ನೋಡುತ್ತಿದ್ದಾರೆ. ಈ ಮೂರೂ ಬೇರೆ ಬೇರೆಯಾಗಿದ್ದಾಗ ಮಾತಿಗೆ ತಾನಾಗಿ ಬಿಗಿ ಬರುತ್ತದೆ. ಕೆಂಪು ಲೈಟು ಬೇಕಾಗುವುದಿಲ್ಲ.

ಕರೆಯುವುದು ಮನುಷ್ಯರನ್ನೇ ಅಂತಲೂ ಇಲ್ಲ. ರಾಗಿ ಬೀಸುವ ಹೆಂಗಸು ಕಲ್ಲನ್ನೇ ತಾಯಿ ಅಂತ ಕರೆದು ಹಾಡುತ್ತಿದ್ದಳು. ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ನಿಲ್ಲಿಸಿ, ನೀವು ಕಾಣಿರೇ ಅಂತ ಕೇಳಿದಳು. ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದೂ ಕೇಳಿದ ಪ್ರಶ್ನೆ ಅದು. ಇದೆಲ್ಲ ನಮ್ಮದೇ ಆಸ್ತಿ. ಏಕವ್ಯಕ್ತಿ ಅಂದರೆ ಹೊರಗಿನಿಂದ ಬಂದ ಫ್ಯಾಷನ್ ಅನ್ನುವವರಿಗೆ ನಾನು ಇಷ್ಟನ್ನೇ ಹೇಳಿ ಸುಮ್ಮನಾಗುತ್ತೇನೆ.

ಹಾಗಂತ ಹೊರಗಿನವರಿಂದ ಕಲಿಯುವುದು ಬೇಡ ಅಂತಲ್ಲ. ಇಟಲಿಯ ಫ್ರಾಂಕಾ ರಾಮೆ ಅನ್ನುವ ನಟಿ 1977ರಲ್ಲಿ ಹೆಂಗಸರ ಸ್ವಗತಗಳ ಒಂದು ಕಟ್ಟನ್ನೇ ರಂಗಕ್ಕೆ ತಂದರು. ಗಂಡ ದಾರಿಯೋ ಫೋ ಜೊತೆ ಸೇರಿ ಬರೆದದ್ದು, ಆಡಿದ್ದು ರಾಮೆ. ಫೋಗೆ 1997ರಲ್ಲಿ ನೊಬೆಲ್ ಬಂತು. ಕೆಲಸ ಇಬ್ಬರದೂ, ಬಹುಮಾನದ ಮೇಲೆ ಹೆಸರು ಒಬ್ಬರದೇ. ನಮಗೇನೂ ಇದು ಹೊಸದಲ್ಲ ಬಿಡಿ.

ಆ ಕಟ್ಟಿನಲ್ಲಿ ಒಬ್ಬ ಹೆಂಗಸು ಇದ್ದಾಳೆ. ಗಂಡ ಅವಳನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಕೆಲಸಕ್ಕೆ ಹೋಗಿದ್ದಾನೆ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಕಿಟಕಿಯಲ್ಲಿ ಕಾಣುತ್ತಾಳೆ. ಇವಳಿಗೆ ಖುಷಿಯೋ ಖುಷಿ. ಕಿಟಕಿಯಿಂದ ಕಿಟಕಿಗೆ ಮಾತು ಶುರು. ನನಗೇನೂ ಕಮ್ಮಿ ಇಲ್ಲ, ಎಲ್ಲ ಮೆಷಿನ್ನೂ ಮನೆಯಲ್ಲಿದೆ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಹೇಳುತ್ತಾ ಹೋಗುತ್ತಾಳೆ. ಮಧ್ಯೆ ಫೋನು ಬಡಿಯುತ್ತದೆ, ಗಂಡ ಚೆಕ್ ಮಾಡುತ್ತಿದ್ದಾನೆ. ಮಗು ಅಳುತ್ತದೆ. ಮೈಗೆಲ್ಲ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವ ಗಂಡನ ತಮ್ಮ ಹಾರನ್ ಹೊಡೆದು ಕರೆಯುತ್ತಾನೆ, ಅವನ ಕೈ ಮಾತ್ರ ಸುಮ್ಮನಿರುವುದಿಲ್ಲ. ಇನ್ನೊಂದು ಕಟ್ಟಡದಿಂದ ಒಬ್ಬ ಇಣುಕಿ ನೋಡುತ್ತಿದ್ದಾನೆ. ಅಸಹ್ಯ ಮಾತಾಡುವವನ ಫೋನು ಬೇರೆ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಗುತ್ತಾ ನಗುತ್ತಾ, ಇದೇನು ನಾವು ನಗುತ್ತಿರುವುದು ಅಂತ ಒಂದು ಹಂತದಲ್ಲಿ ಕಸಿವಿಸಿಯಾಗುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಅವಳು ಎದುರು ಮನೆಯವಳ ಹತ್ತಿರ ಜಂಬ ಕೊಚ್ಚುತ್ತಿದ್ದಾಳೆ. ದೂರು ಹೇಳುತ್ತಿಲ್ಲ. ಹೊಸಬರ ಮುಂದೆ ನಾವೆಲ್ಲ ಮಾಡುವುದು ಅದನ್ನೇ ತಾನೇ? ಆ ಜಂಬದ ಸಂದಿಯಿಂದ ನಿಜ ಇಣುಕುತ್ತದೆ. ಅದೇ ಮಾತನ್ನು ಅವಳು ಅಮ್ಮನ ಹತ್ತಿರ ಆಡುತ್ತಿದ್ದರೆ ನಾಟಕವೇ ಬೇರೆ ಆಗುತ್ತಿತ್ತು.

ಎರಡನೆಯದು, ಅಡ್ಡಿಗಳು. ಇದು ನನಗೆ ತಲೆಗೆ ಹತ್ತಿದ್ದು ನಮ್ಮೂರಿನ ಒಬ್ಬ ಪ್ರೇಕ್ಷಕಿಯಿಂದ. ನಮ್ಮದೇ ಒಂದು ಪ್ರದರ್ಶನ ಮುಗಿದ ಮೇಲೆ ಅವರು ಬಂದು ತಣ್ಣಗೆ ಕೇಳಿದರು: "ಎಲ್ಲಾ ಚೆನ್ನಾಗಿತ್ತು ಕಣಮ್ಮ. ಆದ್ರೆ ಅವಳನ್ನ ಇಷ್ಟು ಹೊತ್ತು ಮಾತಾಡಕ್ಕೆ ಯಾರು ಬಿಡ್ತಾರೆ?" ಎಷ್ಟು ನಿಜ! ಮನೆಯಲ್ಲಿ ಒಬ್ಬ ಹೆಂಗಸು ಒಂದು ವಾಕ್ಯ ಪೂರ್ತಿ ಮುಗಿಸುವುದೇ ಕಷ್ಟ. ಕುಕ್ಕರ್ ಕೂಗುತ್ತದೆ, ಮಾವ ಕಾಫಿ ಕೇಳುತ್ತಾರೆ, ನಲ್ಲಿಯಲ್ಲಿ ನೀರು ಬಂದುಬಿಡುತ್ತದೆ. ತುಮಕೂರಿನಲ್ಲಿ ನೀರು ಬಂದಾಗ ಯಾವ ಸ್ವಗತವೂ ಮುಂದುವರಿಯುವುದಿಲ್ಲ. ಅಂದಮೇಲೆ ರಂಗದ ಮೇಲೆ ಆ ಅಡ್ಡಿಗಳನ್ನು ತಂದರೆ ನಾಟಕ ನಿಲ್ಲುವುದಿಲ್ಲ, ಅದರಿಂದಲೇ ನಡೆಯುತ್ತದೆ. ಅರ್ಧಕ್ಕೆ ನಿಂತ ವಾಕ್ಯವನ್ನು ಅವಳು ಮತ್ತೆ ಎಲ್ಲಿಂದ ಎತ್ತಿಕೊಳ್ಳುತ್ತಾಳೆ ನೋಡಿ. ಕೆಲವು ಸಲ ಎತ್ತಿಕೊಳ್ಳುವುದೇ ಇಲ್ಲ.

ಈಗ ಸ್ವಲ್ಪ ಮನೆಯ ಮಾತಿಗೆ ಬರೋಣ. ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ. 1884ರಲ್ಲಿ ಅಲ್ಲಿ ಶುರುವಾದ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಹೆಸರಾಗುವ ಹಾಗೆ ಬೆಳೆಸಿದರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬರುತ್ತಿದ್ದವು. ಹಿಂದಿನ ಕಾಲದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಆಮೇಲೆ ಬಿ. ಜಯಮ್ಮನವರಂಥ ದೊಡ್ಡ ನಟಿಯರು ಅದೇ ಕಂಪನಿಯಲ್ಲಿ ಬೆಳಗಿದರು. ಮೈಸೂರಿನ ಆರ್. ನಾಗರತ್ನಮ್ಮನವರಂತೂ 1958ರಲ್ಲಿ ಹೆಂಗಸರದೇ ಒಂದು ಮಂಡಳಿ ಕಟ್ಟಿ, ತಾವೇ ಗದೆ ಹಿಡಿದು ಭೀಮನಾದರು, ಕಂಸನಾದರು. ಆನೆ ಕುದುರೆಯ ಆ ರಂಗದಿಂದ ಒಂದು ಟ್ರಂಕು, ಒಬ್ಬ ನಟಿಯ ರಂಗಕ್ಕೆ ನಾವು ಬಂದಿದ್ದೇವೆ. ಬಡತನದಿಂದ ಬಂದೆವು ಅಂದರೂ ತಪ್ಪಿಲ್ಲ. ಹನ್ನೆರಡು ಜನರ ತಂಡಕ್ಕೆ ವ್ಯಾನು ಬೇಕು, ಊಟ ಬೇಕು, ಎಲ್ಲರೂ ರಿಹರ್ಸಲ್‌ಗೆ ಸಿಗುವ ಸಂಜೆ ಬೇಕು. ಅದರಲ್ಲೂ ಮದುವೆಯಾದ ನಟಿಗೆ ಸಂಜೆಗಳು ಎಲ್ಲಿ ಸಿಗುತ್ತವೆ? ಒಬ್ಬಳೇ ಆದರೆ ಮಧ್ಯಾಹ್ನ ಮನೆ ಖಾಲಿಯಿದ್ದಾಗ ನಡುಮನೆಯಲ್ಲೇ ತಾಲೀಮು ಮಾಡಬಹುದು. ಈ ಪ್ರಕಾರ ಹೆಂಗಸರ ಕೈಗೆ ಹೆಚ್ಚು ಬಂದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಕುರುಕ್ಷೇತ್ರದ ಹೆಸರು ಬಂತು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅದು ಇವತ್ತಿಗೂ ನಿಂತಿಲ್ಲ. ಜಾತ್ರೆಗೋ ಹಬ್ಬಕ್ಕೋ ಊರಿನ ಗಂಡಸರೇ ಪಾತ್ರ ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ದ್ರೌಪದಿ ಮಾಡುವವಳು ಸಂಜೆ ಬಸ್ಸಿಗೆ ಬಂದಿಳಿಯುತ್ತಾಳೆ. ತನ್ನದೇ ಒಡವೆ, ತನ್ನದೇ ಸೀರೆ. ಆ ಊರಿನ ಐದು ಜನ ಪಾಂಡವರ ಮುಖವನ್ನು ಅವಳು ಅದುವರೆಗೆ ನೋಡಿರುವುದಿಲ್ಲ. ಆದರೂ ರಾತ್ರಿಯಿಡೀ ಅವರೆಲ್ಲರ ಮಾತೂ ಅವಳಿಗೆ ಬಾಯಿಪಾಠ. ಧರ್ಮರಾಯ ಮಾತು ಮರೆತರೆ ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸದೆ ಎತ್ತಿಕೊಡುವವಳು ಅವಳೇ.

ನಮ್ಮ ತಂಡದ ಏಕವ್ಯಕ್ತಿ ಪ್ರಯೋಗದಲ್ಲಿ ಇಂಥ ಒಬ್ಬಳದು ಒಂದು ಭಾಗವಿದೆ. ಅವಳು ತನ್ನ ಬದುಕಿನ ಕಥೆಯನ್ನು ಪ್ರೇಕ್ಷಕರಿಗೆ ಹೇಳುವ ಹಾಗೆ ಮೊದಲು ಬರೆದು ನೋಡಿದ್ದೆವು. ಬಾಲ್ಯ, ಮದುವೆ, ಬಿಟ್ಟುಹೋದ ಗಂಡ, ಎಲ್ಲ ಇತ್ತು. ಜೀವ ಮಾತ್ರ ಇರಲಿಲ್ಲ. ಆಮೇಲೆ ಅವಳನ್ನು ಬಣ್ಣ ಹಚ್ಚುವವನ ಮುಂದೆ ಕೂರಿಸಿದೆವು. ರಾತ್ರಿ ಒಂಬತ್ತೂವರೆ, ಇನ್ನೇನು ಪರದೆ ಏಳಬೇಕು. ಮಾತು ಹೀಗೆ ಬಂತು:

"ಬಣ್ಣ ಜಾಸ್ತಿ ಹಚ್ಚಬ್ಯಾಡ ಕಣಣ್ಣ, ಲೈಟಿಗೆ ಮುಖ ಸುಣ್ಣ ಬಳ್ದಂಗೆ ಕಾಣುತ್ತೆ. ಭೀಮ ಯಾರು? ಪಂಚಾಯ್ತಿ ಮೆಂಬರ್ರಾ? ಸರಿ ಬಿಡು, ಹಾಡು ಬರದಿದ್ರೂ ಗದೆ ಎತ್ತಾರೆ. ದುಶ್ಶಾಸನ ಯಾರು, ಈ ಹುಡುಗನಾ? ಬಾರಪ್ಪ ಇಲ್ಲಿ. ನೋಡು, ಸೆರಗು ಇಲ್ಲಿ ಹಿಡ್ಕೊ. ಈ ಪಿನ್ನಿಂದ ಆಚೆ. ಈಚೆಗೆ ಕೈ ಬರಬಾರ್ದು. ನೀನು ಎಳ್ದಂಗೆ ಮಾಡು ಸಾಕು, ತಿರುಗೋಳು ನಾನು. ಕುಡ್ದಿಲ್ಲ ತಾನೇ? ಬಾಯಿ ಊದು ನೋಡಾಣ. ಹ್ಞೂ, ಹೋಗು. ಅಣ್ಣಾ, ದುಡ್ಡು ರಾತ್ರಿನೇ ಕೊಡಿಸ್ಬಿಡಣ್ಣ, ಬೆಳಿಗ್ಗೆ ಯಾರೂ ಸಿಗಲ್ಲ. ಆರೂವರೆ ಬಸ್ಸಿಗೆ ಹೋಗ್ಬೇಕು. ಮಗಳಿಗೆ ಪರೀಕ್ಷೆ."

ಇಷ್ಟರಲ್ಲಿ ಅವಳು ಒಂದು ಸಲವೂ ನನಗೆ ಕಷ್ಟ ಅಂದಿಲ್ಲ. "ಈ ಪಿನ್ನಿಂದ ಆಚೆ" ಅನ್ನುವಲ್ಲಿ ನಮ್ಮ ನಟಿ ಪಿನ್ನನ್ನು ಬೆರಳಿಂದ ಮುಟ್ಟಿ ತೋರಿಸುತ್ತಾಳೆ. ಆಗ ಸಭೆಯಲ್ಲಿ ಹೆಂಗಸರ ಕಡೆಯಿಂದ ಒಂದು ಸದ್ದು ಬರುತ್ತದೆ, ನಗುವೂ ಅಲ್ಲ ನಿಟ್ಟುಸಿರೂ ಅಲ್ಲದ್ದು. ಗಂಡಸರು ಸುಮ್ಮನಿರುತ್ತಾರೆ. ಬಣ್ಣ ಹಚ್ಚುವವನು ಅವಳ ಮಾತನ್ನು ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದು ಇಲ್ಲಿ ಬಹಳ ಮುಖ್ಯ. ಪೂರ್ತಿ ಗಮನ ಕೊಟ್ಟು ಕೇಳುವವನ ಮುಂದೆ ಅವಳು ಈ ಮಾತಾಡುತ್ತಿರಲಿಲ್ಲ.

ಪುರಾಣದ ಹೆಂಗಸರ ಮೇಲೆ ಏಕವ್ಯಕ್ತಿ ನಾಟಕಗಳು ಇಷ್ಟೊಂದು ಯಾಕೆ ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದ. ಬಂಗಾಳಿಯಲ್ಲಿ ಶಾಂವಲಿ ಮಿತ್ರ 1983ರಲ್ಲೇ 'ನಾಥವತೀ ಅನಾಥವತ್' ಮಾಡಿ, ಕಥೆ ಹೇಳುವವಳಾಗಿ ಬಂದು ದ್ರೌಪದಿಯೇ ಆಗಿಬಿಟ್ಟರು. ನಮ್ಮಲ್ಲಿ ಉಮಾಶ್ರೀ ಅವರು ಬೇಲೂರು ರಘುನಂದನ್ ಬರೆದ 'ಶರ್ಮಿಷ್ಠೆ' ಆಡುತ್ತಾರೆ. ಇದಕ್ಕೆ ಒಂದು ಅನುಕೂಲದ ಕಾರಣವಿದೆ. ಕಥೆ ಎಲ್ಲರಿಗೂ ಗೊತ್ತು. ಪಾತ್ರ ಯಾರು, ಗಂಡ ಯಾರು, ಏನಾಯಿತು ಅಂತ ವಿವರಿಸುತ್ತಾ ಕೂರಬೇಕಿಲ್ಲ. ನೇರವಾಗಿ ನೋವಿರುವ ಜಾಗಕ್ಕೆ ಕೈ ಹಾಕಬಹುದು. ಬೀಡಿ ಕಟ್ಟುವ ಹೆಂಗಸಿನ ನಾಟಕಕ್ಕೆ ಆ ಸೌಲಭ್ಯ ಇಲ್ಲ. ಎಲೆ ನೆನೆಹಾಕುವುದು, ಅಳತೆಗೆ ಕತ್ತರಿಸುವುದು, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಸರಿಯಿಲ್ಲ ಅಂತ ಪಕ್ಕಕ್ಕೆ ಎಸೆಯುವ ಬೀಡಿ, ಇದೆಲ್ಲ ಸಭೆಗೆ ಗೊತ್ತಾಗಬೇಕು. ಹಾಗಂತ ಪಾಠ ಮಾಡುವಂತಿಲ್ಲ. ಇಲ್ಲೂ ಉಪಾಯ ಅದೇ, ಕೇಳುವವರನ್ನು ಸರಿಯಾಗಿ ಆರಿಸಿಕೊಳ್ಳುವುದು. ಮೊದಲ ದಿನ ಮೊರ ತೊಡೆಯ ಮೇಲಿಟ್ಟುಕೊಂಡು ಕೂತ ಸೊಸೆ ಎದುರಿಗಿದ್ದರೆ ಅತ್ತೆ ಎಲ್ಲವನ್ನೂ ಹೇಳಿಕೊಡುತ್ತಾಳೆ. ಹೇಳಿಕೊಡುತ್ತಾ, ಇವಳನ್ನೂ ಇದಕ್ಕೇ ಕೂರಿಸಿದೆನಲ್ಲ ಅನ್ನುವುದು ಅವಳ ಮಾತಿನಲ್ಲಿ ಬಂದರೂ ಬರಬಹುದು.

ಬೀಡಿ ಕಟ್ಟುವಾಗ ಕಣ್ಣು ಕೈ ಮೇಲೆ ಇರುವುದಿಲ್ಲ, ನೋಡಿದ್ದೀರಾ? ಕೈ ತನ್ನ ಪಾಡಿಗೆ ಸುರುಳಿ ಸುತ್ತುತ್ತದೆ, ಮಾತು ತನ್ನ ಪಾಡಿಗೆ ನಡೆಯುತ್ತದೆ. ದಾರ ಬಿಗಿಯುವಾಗ ಮಾತು ಒಂದು ಚೂರು ತಡೆಯುತ್ತದೆ. ನಮ್ಮ ನಟಿಗೆ ಆ ತಡೆಯನ್ನು ಕಲಿಸುವುದಕ್ಕೆ ಬಹಳ ದಿನ ಹಿಡಿಯಿತು. ಬಂದ ಮೇಲೆ ವಾಕ್ಯಗಳೆಲ್ಲ ತಾವೇ ಚಿಕ್ಕದಾದವು.

ನನ್ನ ಮಾತಿಗೆ ಅಪವಾದವೂ ಇದೆ, ಮುಚ್ಚಿಡುವುದಿಲ್ಲ. ಮರಾಠಿಯಲ್ಲಿ ಸುಷಮಾ ದೇಶಪಾಂಡೆ 1989ರಿಂದ ಆಡಿದ 'ವ್ಹಯ್, ಮೀ ಸಾವಿತ್ರೀಬಾಯಿ'. ಸಾವಿತ್ರಿಬಾಯಿ ಫುಲೆ ಎದ್ದು ಬಂದು ಸಭೆಯ ಹತ್ತಿರವೇ ಮಾತಾಡುತ್ತಾರೆ. ಹಳ್ಳಿ ಹಳ್ಳಿಗೂ ಹೋದ ನಾಟಕ ಅದು. ಅಲ್ಲಿ ಅದು ಕೂಡಿಬರುತ್ತದೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆದ ಮೇಡಂ ಅವರು. ಎದುರು ಕೂತ ಹೆಂಗಸರೆಲ್ಲ ಅವರ ತರಗತಿಯೇ. ಸಭೆಗೂ ಅಲ್ಲಿ ಒಂದು ಪಾತ್ರ ಸಿಕ್ಕಿದೆ.

ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದ್ದು ಇನ್ನೊಂದು ದಾರಿ. 2005ರಲ್ಲಿ ಅರುಂಧತಿ ನಾಗ್ ಅದನ್ನು ಕನ್ನಡದಲ್ಲಿ ಆಡಿದರು. ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿದ ಲೇಖಕಿಯ ಜೊತೆ ಪರದೆಯ ಮೇಲಿನ ಅವಳದೇ ಬಿಂಬ ಮಾತಿಗಿಳಿಯುತ್ತದೆ, ಪ್ರಶ್ನೆ ಕೇಳುತ್ತದೆ. ಕೇಳುವವಳೂ ಅವಳೇ. ನಟಿಯ ಕಡೆಯಿಂದ ನೋಡಿದರೆ ಇದು ಭಯಂಕರ ಕೆಲಸ. ಬಿಂಬದ ಮಾತು ಮೊದಲೇ ರೆಕಾರ್ಡ್ ಆಗಿರುತ್ತದೆ. ಸಭೆ ನಕ್ಕಿತು ಅಂತ ಒಂದು ಉಸಿರು ಜಾಸ್ತಿ ನಿಂತರೆ ಅದು ಕಾಯುವುದಿಲ್ಲ. ಜೊತೆಗೆ ಮನುಷ್ಯ ನಟ ಇದ್ದರೆ ಹೇಗೋ ಸುಧಾರಿಸುತ್ತಾನೆ.

ಒಬ್ಬಳೇ ಹಲವರಾಗುವ ಬಗ್ಗೆಯೂ ಕೇಳುತ್ತಾರೆ. ದನಿ ಬದಲಾಯಿಸುವುದು, ಕನ್ನಡಕ ಹಾಕುವುದು ತೆಗೆಯುವುದು, ಇವೆಲ್ಲ ನನಗೆ ಅಷ್ಟು ಇಷ್ಟವಾಗುವುದಿಲ್ಲ. ಸೀರೆಯ ಸೆರಗು ಸಾಕು. ತಲೆ ಮೇಲೆ ಬಂದರೆ ಒಬ್ಬಳು, ಸೊಂ‍ಟಕ್ಕೆ ಸಿಕ್ಕಿಸಿದರೆ ಇನ್ನೊಬ್ಬಳು, ತುದಿಯನ್ನು ಬಾಯಿಗೆ ಕಚ್ಚಿಕೊಂಡರೆ ಮತ್ತೊಬ್ಬಳು.

ಇನ್ನು ಹೆಂಗಸರ ಮಾತನ್ನು ಕೂಡಿಸಿ ತರುವುದರ ಬಗ್ಗೆ. ಅಮೆರಿಕದ ಈವ್ ಎನ್ಸ್ಲರ್ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ಮಾತಾಡಿಸಿ 1996ರಲ್ಲಿ 'ದಿ ವಜೈನಾ ಮೊನೊಲಾಗ್ಸ್' ಮಾಡಿದರು. ಶುರುವಿನಲ್ಲಿ ಒಬ್ಬರೇ ಆಡುತ್ತಿದ್ದರು. ನಮ್ಮ ದೇಶಕ್ಕೆ ಅದು 2003ರಲ್ಲಿ ಮುಂಬೈ ಮೂಲಕ ಬಂತು. ಮರುವರ್ಷ ಚೆನ್ನೈನಲ್ಲಿ ಪೊಲೀಸರು ಅನುಮತಿ ಕೊಡಲಿಲ್ಲ. ಅದೇ ದೇಶದ ಅನ್ನಾ ಡಿವಿಯರ್ ಸ್ಮಿತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನ್ಯೂಯಾರ್ಕಿನಲ್ಲಿ 1991ರಲ್ಲಿ ನಡೆದ ಗಲಭೆಯ ಬಗ್ಗೆ ಜನರನ್ನು ಮಾತಾಡಿಸಿ, ಅವರ ಮಾತನ್ನು ತಡವರಿಕೆ ಸಮೇತ ಕಲಿತು ತಾವೊಬ್ಬರೇ ಆಡಿದರು. ತಿದ್ದಿ ಚಂದ ಮಾಡಲಿಲ್ಲ. ನಮ್ಮಲ್ಲಿ ಈ ಸಂಯಮ ಕಮ್ಮಿ. ಹಳ್ಳಿಯ ಹೆಂಗಸು ಹೇಳಿದ್ದನ್ನು ತಂದು, ಅದರ ಮೇಲೆ ನಾಲ್ಕು ಕವಿತೆಯ ಸಾಲು ಹಾಕಿ ಹೊಳಪು ಕೊಟ್ಟುಬಿಡುತ್ತೇವೆ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಇದೆ. 2023ರಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹಾಗೆ ಹೊರಗೆ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಾಗ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಮೇಲೆ ಏಕವ್ಯಕ್ತಿ ಮಾಡಬೇಕು ಅಂತ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಮಾಡು ಅಂದೆ. ಆದರೆ ನಿನ್ನ ನಾಟಕದ ಆ ಬಾಣಂತಿ ಯಾರ ಹತ್ತಿರ ಮಾತಾಡುತ್ತಾಳೆ ಅಂತ ಮೊದಲು ಹೇಳು. ತುಮಕೂರಿನ ಸಭೆಯ ಹತ್ತಿರ ಮಾತಾಡಿದರೆ, ಆ ಜನ ಹಾಗೆ, ನಾವು ಹೀಗೆ ಅಂತ ಸಭೆ ಸಮಾಧಾನ ಪಟ್ಟುಕೊಳ್ಳುತ್ತದೆ. ಪಕ್ಕದ ಗುಡಿಸಲಿಗೆ ಬರಲಿರುವ ಇನ್ನೊಬ್ಬ ತುಂಬು ಬಸುರಿಯ ಹತ್ತಿರ ಮಾತಾಡಿದರೆ? ಅವಳಿಗೆ ಏನು ಹೇಳುತ್ತಾಳೆ, ಬಾ ಅಂತಲೋ ಬರಬೇಡ ಅಂತಲೋ? ಹುಡುಗಿ ಒಂದಿಷ್ಟು ದಿನ ಕಾಣಲಿಲ್ಲ. ಈಗ ಹಟ್ಟಿಗಳಿಗೆ ಹೋಗಿ ಹೆಂಗಸರ ಜೊತೆ ಕೂತು ಬರುತ್ತಿದ್ದಾಳೆ. ಇನ್ನೂ ಒಂದು ಸಾಲೂ ಬರೆದಿಲ್ಲವಂತೆ. ನನಗೆ ಅವಳ ಮೇಲೆ ಭರವಸೆ ಇದೆ.

ಮಾತು ಕೊಟ್ಟವರಿಗೆ ನಾವೇನು ಕೊಡುತ್ತೇವೆ ಅನ್ನುವುದೂ ಮುಖ್ಯ. ನಾವು ಇಟ್ಟುಕೊಂಡಿರುವ ಕ್ರಮ ಇಷ್ಟು. ಯಾರ ಬದುಕಿನಿಂದ ಬಂದಿದೆಯೋ ಅವರಿಗೆ ಮೊದಲು ಆಡಿ ತೋರಿಸುವುದು. ಇದು ಬೇಡ ಅಂದರೆ ತೆಗೆಯುವುದು. ದ್ರೌಪದಿಯ ಭಾಗ ನೋಡಿದ ಕಲಾವಿದೆಯೊಬ್ಬರು ಒಂದೇ ಒಂದು ತಿದ್ದುಪಡಿ ಹೇಳಿದರು. ದುಡ್ಡಿನ ಮಾತು ಬಣ್ಣದವನ ಹತ್ತಿರ ಆಡಲ್ಲ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಆಡ್ತೀವಿ, ಅಂತ. ಕೇಳುವವರು ಯಾರು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಈಗ ಆ ಭಾಗದಲ್ಲಿ ಮೇಷ್ಟ್ರೂ ಬಾಗಿಲ ಹತ್ತಿರ ಒಂದು ಸಲ ಬಂದು ಹೋಗುತ್ತಾರೆ, ಕಾಣದ ಹಾಗೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಗಂಡಸರು ಹೆಂಗಸಿನ ಸ್ವಗತ ಬರೆಯಬಹುದಾ? ಧಾರಾಳವಾಗಿ. ಈಗ ಹೇಳಿದ ನಾಟಕಗಳಲ್ಲೇ ಗಂಡಸರು ಬರೆದದ್ದೂ ಇದೆಯಲ್ಲ. ಬರೆದ ಮೇಲೆ ನಟಿ ಓದುವಾಗ ಎದುರು ಕೂತು ಕೇಳಿ. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ವಾದ ಮಾಡಬೇಡಿ.

ಹಾಲ್ ಬಾಡಿಗೆ ಜಾಸ್ತಿ, ಸಣ್ಣ ತಂಡಗಳು ಏನು ಮಾಡಬೇಕು? ಹಾಲ್ ಯೋಚನೆ ಬಿಡಿ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡುವ ಆಸೆ ಎಲ್ಲರಿಗೂ ಇರುತ್ತದೆ, ಆಡೋಣ. ಆದರೆ ಸಂಜೆ ಏಳು ಗಂಟೆ ಆಟಕ್ಕೆ ಯಾವ ಹೆಂಗಸು ಒಲೆ ಬಿಟ್ಟು ಬರುತ್ತಾಳೆ? ನಾವು ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘದವರನ್ನು ಕೇಳಿಕೊಂಡು, ಅವರ ಸಭೆ ಮುಗಿದ ಮೇಲೆ ಅಂಗನವಾಡಿಯಲ್ಲೋ ಶಾಲೆಯ ಕೋಣೆಯಲ್ಲೋ ಮಧ್ಯಾಹ್ನ ಆಡುತ್ತೇವೆ. ಲೈಟಿಲ್ಲ, ಪರದೆಯಿಲ್ಲ, ಹಗಲು ಬೆಳಕು. ಮಕ್ಕಳು ಮಧ್ಯೆ ಓಡಾಡುತ್ತಿರುತ್ತವೆ. ನಾಲ್ಕೂವರೆ ಆಗುತ್ತಿದ್ದ ಹಾಗೇ ಒಬ್ಬೊಬ್ಬರೇ ಏಳುತ್ತಾರೆ, ಹಸು ಕರೆದು ಡೇರಿಗೆ ಹಾಲು ಹಾಕಬೇಕಲ್ಲ. ನಮ್ಮ ನಾಟಕ ಮುಕ್ಕಾಲು ಗಂಟೆಗೇ ಯಾಕೆ ಮುಗಿಯುತ್ತದೆ ಅಂತ ಬೆಂಗಳೂರಿನ ಗೆಳೆಯರೊಬ್ಬರು ಕೇಳಿದ್ದರು. ಕಲೆಯ ದೃಷ್ಟಿಯಿಂದ ಏನಾದರೂ ಕಾರಣ ಇದೆಯಾ ಅಂತ. ಇಲ್ಲ ಸಾರ್, ಡೇರಿ ಟೈಮು ಅಂದೆ.